ಮೂವತ್ತೈದು ಸೆಂಟು

ಮನಾಮದ ಗುದೈಬಿಯಾದಲ್ಲಿ, ಈ ಕೋಣೆಗೆ
ಮಂಚ ನಾಲ್ಕು, ಪ್ಲಗ್ ಪಾಯಿಂಟು ಎರಡು.
ಒಂದು ರೈಸ್ ಕುಕ್ಕರಿನದು.
ಇನ್ನೊಂದು ರಾತ್ರಿ ಹನ್ನೊಂದರ ಮೇಲೆ ನನ್ನದು
ಅಂತ ಮೋನಾಕನ ತೀರ್ಪು.
ಅವರ ಮಾತಿಗೆ ಈ ಕೋಣೆಯಲ್ಲಿ ಅಪೀಲಿಲ್ಲ.

ಊರಿಗೆ ಹೊರಟಿದ್ದ ಫಿಲಿಪೀನಿ ರೊಮೆಲ್
ಹೋಟೆಲಿನ ಹಿಂಬಾಗಿಲಲ್ಲಿ ನಿಂತು
ಹದಿನೆಂಟು ದಿನಾರಿಗೆ ಕೊಟ್ಟ ಪೆಟ್ಟಿಗೆ:
ಎರಡು ತೂತು, ಮೂರು ತಿರುಗಣೆ,
ನಡುವಿನದು ತಿರುಗಿಸಿದರೆ ಕರಕರ.
'ಕರಕರಕ್ಕೆ ದುಡ್ಡಿಲ್ಲ, ಅದು ಫ್ರೀ' ಅಂದ.
ಇಪ್ಪತ್ತೈದು ಮನೆಯ ಕೀಬೋರ್ಡು, ಅದರಲ್ಲೊಂದು
ಒತ್ತಿದರೆ ಮೇಲೆ ಬಾರದು,
ಬೆರಳ ತುದಿಯಿಂದ ಎಬ್ಬಿಸಬೇಕು
ಬೆಳಗಿನ ಶಿಫ್ಟಿಗೆ ದಿಲ್‌ಬಹಾದೂರನನ್ನು ಎಬ್ಬಿಸಿದ ಹಾಗೆ.

ಮೊದಲ ವಾರ ಒತ್ತಿದ್ದು ಈಗ, ಕೇಳಿದ್ದು ಆಮೇಲೆ.
ಊರಿಗೆ ಫೋನು ಹಚ್ಚಿ ಹಲೋ ಅಂದ ಮೇಲಿನ
ಆ ಖಾಲಿ ಇದೆಯಲ್ಲ, ಅಷ್ಟೇ ಉದ್ದ.
ಬಫರು ಅಂತ ಒಂದು ಅಂಕೆ ಇದೆ, ಅದನ್ನಿಳಿಸಬೇಕು
ಎಂದು ತಿಳಿಯಲು ಏಳು ರಾತ್ರಿ ಹಿಡಿಯಿತು.
ಇಳಿಸಿದೆ. ಲ್ಯಾಪ್‌ಟಾಪು ಏದುಸಿರು ಬಿಟ್ಟಿತು,
ಬೆರಳಿಗೂ ಕಿವಿಗೂ ಮಾತು ಸರಿಹೋಯಿತು.

ತಂತ್ರಾಂಶ ಬಿಟ್ಟಿಯದು, ಅದಕ್ಕೊಂದು ಚಾಳಿ:
ಹಾಡನ್ನು ಉಳಿಸಿಕೊಳ್ಳುತ್ತದೆ, ಮತ್ತೆ ತೆರೆಯಲು ಕೊಡುವುದಿಲ್ಲ.
ಹಾಗಾಗಿ ನನ್ನ ಹಾಡುಗಳೆಲ್ಲ
ಒಂದೇ ರಾತ್ರಿಯಲ್ಲಿ ಹುಟ್ಟಿ ಸುಬಹಿಯ ಬಾಂಗಿನೊಳಗೆ ಮುಗಿದವು.
ಕೆಲವಕ್ಕೆ ಕಾಲಿಲ್ಲ. ಒಂದಕ್ಕಂತೂ
ಶುರುವೇ ಇಲ್ಲ, ಬರೀ ಕೊನೆ.

ಡ್ರಮ್ಮು? ಹತ್ತು ಕಿಲೋ ಅಕ್ಕಿ ಚೀಲಕ್ಕೆ ಅಂಗೈ ಪೆಟ್ಟು.
ಮೇಲಿನ ಚಿಕಿಚಿಕಿ, ಖುಬೂಸಿನ ಖಾಲಿ ತೊಟ್ಟೆಯಲ್ಲಿ
ಕಪಾಟಿನ ಬೀಗದ ಕೈ.
ಮೈಕು ಹಿಡಿದು ಕಂಬಳಿಯೊಳಗೆ ನುಗ್ಗಿ
ಬೆವರಿ ನೀರಾಗಿ ಹೊರಬಂದರೆ
ಮೋನಾಕ ಎದ್ದು ಕೂತಿದ್ದಾರೆ:
'ಎಂತ ಮಾರಾಯ, ಜ್ವರವಾ?'

ಆದರೆ ಏನು ಹಿಡಿದರೂ ಅದರಡಿಗೆ ಒಂದು ಗೊಂಯ್.
ಕಿಟಕಿಯ ಏಸಿ.
ಜುಲೈಯಲ್ಲಿ ಅದನ್ನು ಆರಿಸು ಅನ್ನುವುದೂ
ನಾಲ್ವರನ್ನು ಕೊಲ್ಲುವುದೂ ಒಂದೇ.
ಫಿಲ್ಟರು ಹಾಕಿದೆ, ಹಾಡು ತೆಳ್ಳಗಾಯಿತು.
ಕತ್ತರಿಸಿದೆ, ಗಾಯದಂತೆ ಕೇಳಿತು.
ಕೊನೆಗೆ ಸಿಟ್ಟಲ್ಲಿ ಮೈಕನ್ನು ಅದರ ಬಾಯಿಗೇ ಹಿಡಿದು
ಶ್ರುತಿ ನೋಡುವ ಕಿಂಡಿ ತೆರೆದೆ.
ಮುಳ್ಳು ಅಲುಗಲಿಲ್ಲ. ನಿಂತಿತು:
ಜಿ. ಅದಕ್ಕೆ ಮೂವತ್ತೈದು ಸೆಂಟು ಮೇಲೆ.

ನಮ್ಮಲ್ಲಿ ಸೆಂಟು ಅಂದರೆ ಜಾಗ.
ಇಲ್ಲಿ, ರಜೆಗೆ ಹೋಗುವಾಗ ಪೆಟ್ಟಿಗೆಯಲ್ಲಿ
ಬನಿಯನ್ನು ಸುತ್ತಿ ಇಡುವ ಬಾಟಲಿ.
ಸ್ವರಕ್ಕೂ ಸೆಂಟು ಉಂಟೆಂದು,
ಎರಡು ಮನೆಗಳ ನಡುವೆ ನೂರು ಸೆಂಟು
ಯಾರ ಹೆಸರಿಗೂ ಆಗದೆ ಬಿದ್ದಿದೆಯೆಂದು
ಆ ರಾತ್ರಿಯೇ ನನಗೆ ಗೊತ್ತಾದದ್ದು.

ಏಸಿ ಇಳಿಯುವುದಿಲ್ಲ. ನಾನೇ ಹತ್ತಿದೆ.
ಇಡೀ ಹಾಡನ್ನು, ಬೇಸು, ತಂತಿ, ರೊಮೆಲನ ಕರಕರ,
ಎಲ್ಲವನ್ನೂ ಮೂವತ್ತೈದು ಸೆಂಟು ಎತ್ತಿ ಕೂರಿಸಿದೆ.
ಗೊಂಯ್ ಮಾಯ.
ಹೋಗಲಿಲ್ಲ, ಹಾಡಿನ ಷಡ್ಜವಾಯಿತು.

ಹಗಲೆಲ್ಲ ನಾನು ಸೂಪರ್ ಮಾರ್ಕೆಟ್ಟಿನ ಶೀತಕೋಣೆಗಳ ಮೆಕ್ಯಾನಿಕ್.
ನಾಲ್ಕು ಸ್ಕ್ರೂ ಬಿಗಿದು, ಅಡಿಗೊಂದು ರಬ್ಬರು ಕೊಟ್ಟರೆ
ಈ ಏಸಿ ಬಾಯಿ ಮುಚ್ಚುತ್ತದೆಂದು ಬಲ್ಲೆ.
ಮೋನಾಕನಿಗೆ ಹೇಳಿಲ್ಲ.

ಶುಕ್ರವಾರ ಭಾವ ಫೋನು ಮಾಡಿದರು.
ಎಂಟು ವರ್ಷವಾಯಿತಲ್ಲ ಗಲ್ಫಿಗೆ ಹೋಗಿ,
ಎಷ್ಟು ಸೆಂಟು ಮಾಡಿದಿ?
'ಮೂವತ್ತೈದು' ಅಂದೆ.
ಆ ಕಡೆ ಬಫರಿನ ಖಾಲಿ.
ಆಮೇಲೆ, ತಗ್ಗಿದ ದನಿಯಲ್ಲಿ:
'ರಸ್ತೆ ಬದಿಯದ್ದಾ?'